ಮಗ್ದಲದ ಮರಿಯಳಿಗೆ ಅಷ್ಟುದ್ದ ಕೂದಲು ಎಲ್ಲಿಂದ ಬಂತು?

ಸುಣ್ಣದಗೋಡೆ: ಇಟಲಿಯ ಫ್ಲಾರೆನ್ಸ್‌ನಲ್ಲಿ ಒಂದೇ ದಿನ ಇಬ್ಬರು ಮಗ್ದಲದ ಮರಿಯರನ್ನು ನೋಡಿದೆ. ಪಾಪ ಬಿಟ್ಟು, ಪಶ್ಚಾತ್ತಾಪಪಟ್ಟು ಯೇಸುವಿನ ಶಿಷ್ಯೆಯಾದವಳು ಅಂತ ಕಲಾವಿದರು ತೋರಿಸುವ ಮರಿಯ. ಕೆಥೆಡ್ರಲ್ ಮ್ಯೂಸಿಯಂನಲ್ಲಿ ದೊನತೆಲ್ಲೊ ಕೆತ್ತಿದ ಮರದ ಪ್ರತಿಮೆ, 15ನೇ ಶತಮಾನದ ನಡುಭಾಗದ್ದು: ಗುಳಿಬಿದ್ದ ಕಣ್ಣು, ಉದುರಿದ ಹಲ್ಲು, ಮೈತುಂಬ ಗಂಟುಗಟ್ಟಿದ ಕೂದಲು. ನದಿ ದಾಟಿ ಪಿತ್ತಿ ಅರಮನೆಗೆ ಹೋದರೆ 1530ರ ದಶಕದ ಟಿಶಿಯನ್ ಚಿತ್ರ. ಅದೇ ಪಶ್ಚಾತ್ತಾಪ, ಆದರೆ ಮೈ ದುಂಡಗೆ, ಹೊಂಗೂದಲು ಮುಚ್ಚಬೇಕಾದ್ದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮುಚ್ಚಿದೆ! ದೊನತೆಲ್ಲೊ ಪ್ರಾಮಾಣಿಕ. ಟಿಶಿಯನ್ ಭಕ್ತಿಯ ಹೆಸರಲ್ಲಿ ಬೇರೇನೋ ಮಾರಿದ.

ಕಡಲತಡಿ: ಮಾರಾಯ್ರೆ, ಒಬ್ಬ ಅವಳನ್ನು ಉಪವಾಸ ಕೆಡವಿದ, ಇನ್ನೊಬ್ಬ ಬಟ್ಟೆ ಬಿಚ್ಚಿಸಿದ. ಇಬ್ಬರ ಬಂಡವಾಳವೂ ಒಂದೇ, ಅವಳು ಕೆಟ್ಟು ತಿದ್ದಿಕೊಂಡವಳು ಅನ್ನೋದು. ಬೈಬಲಿನಲ್ಲಿ ಅದು ಎಲ್ಲುಂಟು? ಲೂಕ 8ರಲ್ಲಿ ಅವಳು ಏಳು ದೆವ್ವಗಳಿಂದ ಬಿಡುಗಡೆಯಾದವಳು, ಅಷ್ಟೇ. ಅದರ ಹಿಂದಿನ ಅಧ್ಯಾಯದಲ್ಲಿ ಯೇಸುವಿನ ಪಾದವನ್ನು ಕೂದಲಿನಿಂದ ಒರೆಸಿದ ಪಾಪಿ ಹೆಂಗಸಿಗೆ ಹೆಸರೇ ಇಲ್ಲ. ಇವರಿಬ್ಬರನ್ನೂ ಬೇಥಾನ್ಯ ಅನ್ನೋ ಊರಿನ ಇನ್ನೊಬ್ಬ ಮರಿಯಳನ್ನೂ ಸೇರಿಸಿ ಒಬ್ಬಳೇ ಅಂದದ್ದು ಪೋಪ್ ಗ್ರೆಗೊರಿ, 591ರ ಒಂದು ಪ್ರವಚನದಲ್ಲಿ.

ನೀಲಾಂಜನ: ಮೈಗೆ ಕೂದಲೇ ಹೊದಿಕೆ ಅಂದಕೂಡಲೇ ನನಗೆ ಅಕ್ಕಮಹಾದೇವಿ ನೆನಪಾದಳು.

ಕಡಲತಡಿ: ನೆನಪಾಗಲಿ, ಆದರೆ ಅಕ್ಕ ಯಾವ ತಪ್ಪಿಗೂ ಅಳುತ್ತಾ ಕೂತವಳಲ್ಲ. ಅರಮನೆ ಬಿಟ್ಟು ನಡೆದವಳು.

ಹಳೇಪುಟ: ಕೂದಲಿನ ಮೂಲ ಇನ್ನೊಬ್ಬ ಮರಿಯ, ಈಜಿಪ್ಟಿನವಳು. ವೇಶ್ಯಾವೃತ್ತಿ ಬಿಟ್ಟು ಮರುಭೂಮಿ ಸೇರಿ, ಬಟ್ಟೆ ಹರಿದುಹೋಗುವಷ್ಟು ಕಾಲ ತಪಸ್ಸು ಮಾಡಿದಳು ಅನ್ನೋದು ಅವಳ ಕಥೆ. ಮಧ್ಯಯುಗದಲ್ಲಿ ಆ ಕಥೆ ಮಗ್ದಲದವಳಿಗೂ ಅಂಟಿಕೊಂಡಿತು. ಸುಣ್ಣದಗೋಡೆಯವರೇ, ಇನ್ನೊಂದು ವಿಷಯ. 1966ರಲ್ಲಿ ಆರ್ನೊ ನದಿಯ ಪ್ರವಾಹ ದೊನತೆಲ್ಲೊನ ಪ್ರತಿಮೆಗೂ ನುಗ್ಗಿತು. ಆಮೇಲೆ ಶುಚಿ ಮಾಡುವಾಗ ಯಾರೋ ಮೇಲೆ ಬಳಿದಿದ್ದ ಕಂದು ಬಣ್ಣ ಹೋಗಿ, ಬಿಸಿಲಿಗೆ ಸುಟ್ಟ ಚರ್ಮದ ಬಣ್ಣವೂ ಕೂದಲಲ್ಲಿ ಚಿನ್ನದ ಗೆರೆಗಳೂ ಕಂಡವು. ನಿಮ್ಮ ‘ಪ್ರಾಮಾಣಿಕ’ ಮುದುಕಿಯೂ ಹೊಂಗೂದಲಿನವಳೇ.

ಸುಣ್ಣದಗೋಡೆ: ಚಿನ್ನವನ್ನು ನಾನು ಗಮನಿಸಲೇ ಇಲ್ಲ, ಆ ಮುಖದಿಂದ ಕಣ್ಣು ಕೀಳಲಾಗಲಿಲ್ಲ. ಆದರೂ ಟಿಶಿಯನ್ ವಿಷಯದಲ್ಲಿ ನನ್ನ ಮಾತು ಹಿಂತೆಗೆಯಲಾರೆ. ಪ್ರತಿಮೆ, ಚಿತ್ರಗಳಲ್ಲಿ ಕಾಮ ಕೆರಳಿಸುವ ಚೆಲುವು ಇರಬಾರದು ಅಂತ 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆಯೇ ಹೇಳಬೇಕಾಯಿತಲ್ಲ. 1560ರ ದಶಕದಲ್ಲಿ ಅವನೇ ಬರೆದ ಇನ್ನೊಂದು ಮರಿಯ ಈಗ ರಷ್ಯಾದ ಹರ್ಮಿಟೇಜ್ ಮ್ಯೂಸಿಯಂ‌ನಲ್ಲಿದೆ. ಅವಳಿಗೆ ಬಟ್ಟೆ ಬಂದಿದೆ, ಎದುರಿಗೆ ಪುಸ್ತಕ, ತಲೆಬುರುಡೆ.

ನೀಲಾಂಜನ: ಬಟ್ಟೆ ಬಂದರೂ ಚೆಲುವು ಎಲ್ಲೂ ಹೋಗಿಲ್ಲ, ನೋಡಿ. ಕೆಂಪಾದ ಕಣ್ಣಲ್ಲೂ ಎಷ್ಟು ಮೋಹಕ! ಅಳು ಕೂಡ ಅಲಂಕಾರವೇ ಆಗಿದೆ. ನನಗಂತೂ ಅದು ಇಷ್ಟ. ಚೆಂದದ ಹೆಂಗಸಿನ ಭಕ್ತಿ ನಿಜವಾಗಿರಬಾರದು ಅಂತ ಏನೂ ಇಲ್ಲವಲ್ಲ?

ಕಡಲತಡಿ: ಚೆಂದ ಇರಲಿ, ಯಾರು ಬೇಡ ಅಂದರು? ಅವಳು ಮಾಡಿದ ಕೆಲಸ ಚಿತ್ರದಲ್ಲಿ ಎಲ್ಲುಂಟು ಅಂತ ನನ್ನ ಪ್ರಶ್ನೆ. ಯೇಸು ಎದ್ದುಬಂದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದವಳು ಅವಳು. ಅಳುವ ಮರಿಯಳ ಚಿತ್ರ ಲೆಕ್ಕವಿಲ್ಲದಷ್ಟುಂಟು, ಸುದ್ದಿ ಹೇಳುವ ಮರಿಯಳನ್ನು ಹುಡುಕಿಯೇ ತೆಗೆಯಬೇಕು. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಅವಳ ಸ್ಮರಣೆಯನ್ನು ಅಪೊಸ್ತಲರ ಹಬ್ಬಗಳ ಮಟ್ಟಕ್ಕೆ ಏರಿಸಿದರು.

ಹಳೇಪುಟ: ಪೂರ್ವದ ಆರ್ಥೊಡಾಕ್ಸ್ ಚಿತ್ರಗಳನ್ನು ನೋಡಿ. ಪೋಪ್ ಗ್ರೆಗೊರಿ ಸೇರಿಸಿದ ಆ ಮೂವರನ್ನು ಒಬ್ಬಳೇ ಅಂತ ಅವರು ಯಾವತ್ತೂ ಒಪ್ಪಲಿಲ್ಲ. ಅಲ್ಲಿ ಅವಳ ತಲೆ ಮೇಲೆ ಸೆರಗಿನಂಥ ಹೊದಿಕೆ, ಕೈಯಲ್ಲಿ ಸುಗಂಧದ ಭರಣಿ. ಕೂದಲು ಕಾಣುವುದೇ ಅಪರೂಪ.