ಹಳೆ ಥಾರ್ ಹಿಂದೆ ಸೀಟು ಹೆಚ್ಚಿಸಬಹುದಾ? ಪ್ರಶ್ನೋತ್ತರ

ಪ್ರಶ್ನೆ (ಮೂಡಿಗೆರೆಯಿಂದ): ಸರ್, ನಮ್ಮಲ್ಲಿ 2014ರ ಮಹೀಂದ್ರಾ ಥಾರ್ ಸಿಆರ್‌ಡಿಇ (ಡೀಸೆಲ್ ಮಾದರಿ) ಇದೆ, ಬಟ್ಟೆ ಚಾವಣಿಯ ಸಾಫ್ಟ್ ಟಾಪ್. ಹಿಂದೆ ಎದುರುಬದುರು ಎರಡು ಬೆಂಚು, ಆರ್‌ಸಿಯಲ್ಲಿ ಡ್ರೈವರ್ ಸೇರಿ ಆರು ಸೀಟು. ಅಮ್ಮ, ತಂಗಿ, ಅವಳ ಇಬ್ಬರು ಮಕ್ಕಳು ಎಲ್ಲರೂ ಒಟ್ಟಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗೋದು ಜಾಸ್ತಿ. ಮುಂದಕ್ಕೆ ಮುಖ ಮಾಡಿದ ಮೂರು ಜನರ ಬೆಂಚು, ಅದರ ಹಿಂದೆ ಬಾಗಿಲ ಹತ್ತಿರ ಮಡಚೋ ಸೀಟು ಎರಡು ಹಾಕಿದ್ರೆ ಏಳು ಜನ ಕೂರಬಹುದು ಅಂತ ಗ್ಯಾರೇಜಿನವರು ಹೇಳ್ತಾರೆ. ಮಾಡಿಸಲಾ?

ಉತ್ತರ: ಬೆಂಚಿನ ಬಗ್ಗೆ ಯೋಚಿಸೋಣ. ಮಡಚೋ ಸೀಟು ಮಾತ್ರ ಬೇಡವೇ ಬೇಡ. ಅಲ್ಲಿ ಕೂತವರ ಭಾರ ಹಿಂದಿನ ಆಕ್ಸಲ್‌ಗಿಂತ ಹಿಂದೆ ಬೀಳುತ್ತೆ. ಅಷ್ಟು ಚಿಕ್ಕ ಗಾಡಿಯಲ್ಲಿ ಮುಂದಿನ ಚಕ್ರ ಹಗುರಾಗಿ, ಘಾಟಿ ಏರುವಾಗ ಸ್ಟೇರಿಂಗ್ ಹಿಡಿತ ಕಡಿಮೆ ಆಗುತ್ತೆ. ಜೊತೆಗೆ ಹಿಂದಿನಿಂದ ಬಸ್ಸೋ ಲಾರಿಯೋ ಗುದ್ದಿದರೆ ಅವರ ಬೆನ್ನಿಗೂ ಅದಕ್ಕೂ ನಡುವೆ ಒಂದು ತಗಡಿನ ಬಾಗಿಲು ಅಷ್ಟೇ.

ಬೆಂಚಿನ ವಿಷಯ. ಚಕ್ರದ ಎರಡು ಗೂಡುಗಳ ನಡುವಿನ ಅಗಲವನ್ನು ಟೇಪ್ ಹಿಡಿದು ಅಳೆಯಿರಿ. ದೊಡ್ಡವರಾದರೆ ಇಬ್ಬರಿಗೇ ಸರಿ. ಆಗ ಈಗಿನ ನಾಲ್ಕರ ಜಾಗದಲ್ಲಿ ಎರಡೇ ಸೀಟು. ನಿಮ್ಮ ಆಸೆಗೆ ಇದು ಉಲ್ಟಾ ಅನ್ನಿಸಬಹುದು, ಆದರೆ ಬೆಲ್ಟ್ ಕಟ್ಟಿಕೊಂಡು ಮುಂದಕ್ಕೆ ನೋಡಿ ಕೂತ ಇಬ್ಬರು ಪಕ್ಕಕ್ಕೆ ಮುಖ ಮಾಡಿ ಅಡ್ಡ ಕೂತ ನಾಲ್ವರಿಗಿಂತ ಎಷ್ಟೋ ಸುರಕ್ಷಿತ. 2020ರ ಹೊಸ ಥಾರ್‌ನಲ್ಲೂ ಶುರುವಿನಲ್ಲಿ ಅಡ್ಡ ಬೆಂಚಿನ ಆರು ಸೀಟಿನ ಮಾದರಿ ಇತ್ತು, ಕೆಲವೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಕಾರು ಗುದ್ದಿಸಿ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ನಾಲ್ಕು ಸ್ಟಾರ್ ಬಂದಿದ್ದು ಮುಂದಕ್ಕೆ ಮುಖ ಮಾಡಿದ ಸೀಟಿನ ಗಾಡಿಗೆ.

ಎಲ್ಲರೂ ಕುಶನ್, ರೆಕ್ಸಿನ್ ನೋಡ್ತಾರೆ. ನೀವು ಕೆಳಗೆ ಮಲಗಿ ಬೋಲ್ಟ್ ನೋಡಿ. ಜೋರು ಡಿಕ್ಕಿಯಲ್ಲಿ 20 ಜಿ ತನಕ, ಅಂದರೆ ಮೈ ತೂಕದ 20 ಪಟ್ಟು, ಎಳೆತ ಬಂದರೆ 60 ಕಿಲೋ ಮನುಷ್ಯ ಬೆಲ್ಟನ್ನು 1,200 ಕಿಲೋ ಭಾರದಷ್ಟು ಎಳೀತಾರೆ. ಬೆಲ್ಟ್ ಕಟ್ಟುವ ಜಾಗಗಳ ವಿಶ್ವಸಂಸ್ಥೆಯ ನಿಯಮದಲ್ಲಿ ಕಾರಿನ ಒಂದೊಂದು ಸೀಟಿಗೆ ಎದೆಯ ಭಾಗಕ್ಕೆ 13,500 ನ್ಯೂಟನ್ (ಸುಮಾರು 1,375 ಕಿಲೋ ಭಾರದಷ್ಟು), ಸೊಂಟದ ಭಾಗಕ್ಕೆ ಅಷ್ಟೇ, ಎರಡನ್ನೂ ಒಟ್ಟಿಗೆ ಹಾಕಿ ಎಳೆದು ನೋಡ್ತಾರೆ. ತೆಳು ತಗಡಿಗೆ ತೂತು ಕೊರೆದು ಸಣ್ಣ ವಾಷರ್ ಹಾಕಿದರೆ ಬೋಲ್ಟ್ ತಗಡನ್ನು ಹರಿದುಕೊಂಡೇ ಬರುತ್ತೆ. ರೇಸ್ ಗಾಡಿಗಳಲ್ಲಿ ಸೀಟಿನ ಪ್ರತಿ ಬೋಲ್ಟ್‌ಗೂ ಕನಿಷ್ಠ 3 ಮಿ.ಮೀ. ದಪ್ಪ, 40 ಚದರ ಸೆಂ.ಮೀ. ಉಕ್ಕಿನ ಪ್ಲೇಟು ಕಡ್ಡಾಯ. ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ. ಬೋಲ್ಟ್ ತಲೆಯ ಮೇಲೆ ಗ್ರೇಡ್ ಗುರುತು ಇರಲಿ, ಬೆಲ್ಟಿಗೆ ಕಾರುಗಳದ್ದೇ 7/16 ಇಂಚಿನ ಬೋಲ್ಟ್. ಕೊರೆಯುವ ಮುಂಚೆ ಕೆಳಗೆ ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್, ವೈರಿಂಗ್ ಎಲ್ಲಿದೆ ನೋಡಿ. ಕೊರೆದ ಮೇಲೆ ಅಂಚಿಗೆ ಪ್ರೈಮರ್ ಬಳಿಯಿರಿ, ನಿಮ್ಮ ಮಳೆಗೆ ಅದು ಬೇಗ ತುಕ್ಕು ಹಿಡಿಯುತ್ತೆ.

ಇನ್ನೊಂದು. ಥಾರ್ ಬಾಡಿ ಚಾಸಿ ಮೇಲೆ ರಬ್ಬರ್ ಇಟ್ಟು ಕೂರಿಸಿದ್ದು. ಸೀಟು ಬಾಡಿಗೆ, ಬೆಲ್ಟ್ ಚಾಸಿಗೆ ಅಂತ ಕಟ್ಟಿದರೆ ಡಿಕ್ಕಿಯಲ್ಲಿ ಎರಡೂ ಬೇರೆ ಬೇರೆ ಸರಿಯುತ್ತವೆ. ಎರಡೂ ಒಂದಕ್ಕೇ ಇರಲಿ. ಸಾಫ್ಟ್ ಟಾಪಿನಲ್ಲಿ ಭುಜದ ಬೆಲ್ಟ್ ಕಟ್ಟಲು ಕಂಬ ಇಲ್ಲ. ಸರಿಯಾದ ರೋಲ್ ಬಾರ್ (ಗಾಡಿ ಮಗುಚಿದರೆ ಕಾಯುವ ಗಟ್ಟಿ ಕಬ್ಬಿಣದ ಕಮಾನು) ಬೇಕು, ಇಲ್ಲವೇ ಬೆಲ್ಟ್ ಸೀಟಿನಲ್ಲೇ ಇರುವಂತೆ ತಯಾರಾದ ಸೀಟು ಬೇಕು.

ಪ್ರಶ್ನೆ (ಅವರೇ): ಆರ್‌ಟಿಒದಲ್ಲಿ ತೊಂದರೆ ಆಗುತ್ತಾ ಸರ್? ಎಫ್‌ಸಿ (ಫಿಟ್‌ನೆಸ್ ತಪಾಸಣೆ) ದಿನ ಸೀಟು ಬಿಚ್ಚಿಟ್ಟು ಹೋಗಿ ಅಂತ ಗ್ಯಾರೇಜಿನವರು ಹೇಳ್ತಾರೆ.

ಉತ್ತರ: ಹಾಗೆ ಮಾಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಸೀಟು ಕಡಿಮೆ ಮಾಡಿದರೂ ಆರ್‌ಸಿಯ ವಿವರ ಬದಲಾದಂತೆಯೇ. ಕೆಲಸ ಶುರು ಮಾಡುವ ಮುಂಚೆ ಆರ್‌ಟಿಒಗೆ ಹೋಗಿ ಲಿಖಿತ ಅನುಮತಿ ಕೇಳಿ. ಕೊಡದಿದ್ದರೆ ಅಲ್ಲಿಗೇ ಬಿಡಿ. ಅಪಘಾತ ಆದಾಗ ವಿಮೆಯವರು ಮೊದಲು ಎಣಿಸೋದು ಸೀಟನ್ನೇ.

ಪ್ರಶ್ನೆ (ಸಕಲೇಶಪುರದಿಂದ): ಅಣ್ಣಾ, ನಮ್ಮ ಗಾಡಿಯಲ್ಲಿ ಅಡ್ಡ ಬೆಂಚೇ ಇರಲಿ ಅಂದ್ಕೊಂಡಿದ್ದೀವಿ. ಅದಕ್ಕೇ ಬೆಲ್ಟ್ ಹಾಕಿಸಿದ್ರೆ ಸಾಕಲ್ವಾ? ಮಗನಿಗೆ ಮೂರು ವರ್ಷ, ಚೈಲ್ಡ್ ಸೀಟ್ ಕೂಡ ಇದೆ.

ಉತ್ತರ: ಸೊಂಟದ ಬೆಲ್ಟ್ ಇದ್ದರೆ ಗಾಡಿ ಮಗುಚಿದಾಗ ಹೊರಗೆ ಎಸೆಯೋದು ತಪ್ಪುತ್ತೆ, ಅಷ್ಟರ ಮಟ್ಟಿಗೆ ಹಾಕಿಸಿ. ಎದುರಿನಿಂದ ಗುದ್ದಿದಾಗ ಮೈ ಪಕ್ಕಕ್ಕೆ ಬಾಗುತ್ತೆ, ಅದಕ್ಕೆ ಆ ಬೆಲ್ಟ್ ಏನೂ ಮಾಡಲ್ಲ. ಅಡ್ಡ ಸೀಟಿಗೆ ಭುಜದ ಬೆಲ್ಟ್ ಹಾಕಿಸಲೇಬೇಡಿ, ಕುತ್ತಿಗೆಗೆ ಬಿಗಿಯುತ್ತೆ. ಚೈಲ್ಡ್ ಸೀಟ್ ಅಡ್ಡ ಬೆಂಚಿನ ಮೇಲೆ ಇಡುವಂಥದ್ದಲ್ಲ. ಮನೆಯಲ್ಲಿ ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿರುವ ಕಾರಿದ್ದರೆ ಮಗುವನ್ನು ಅದರಲ್ಲೇ ಕರ್ಕೊಂಡು ಹೋಗಿ ತಮ್ಮಾ, ಥಾರ್ ತೋಟಕ್ಕಿರಲಿ.