ವಿ-ಕ್ರಾಸ್ ಮುಂದೆ ತಗ್ಗಿ ನಿಲ್ಲುತ್ತದೆ, ಸ್ಪೇಸರ್ ಹಾಕಿಸಲಾ?

ತೋಟದಮನೆ, ಸಕಲೇಶಪುರ:
ನನ್ನದು 2018ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಫೋರ್ ವೀಲ್ ಡ್ರೈವ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಖಾಲಿ ನಿಂತಾಗ ಹಿಂದೆ ಎತ್ತರ, ಮುಂದೆ ತಗ್ಗು. ಟೇಪು ಹಿಡಿದರೆ ಎರಡು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇದೆ. ನೋಡಲು ಚೆನ್ನಾಗಿಲ್ಲ ಅನ್ನೋದು ಒಂದು ಕಡೆ. ತೋಟದ ದಾರಿಯಲ್ಲಿ ಮಳೆನೀರು ತಿರುಗಿಸಲು ಅಡ್ಡಕ್ಕೆ ಮಣ್ಣು ಏರಿಸಿದ್ದೇವೆ, ಅದನ್ನು ದಾಟುವಾಗ ಮುಂದೆ ಉಜ್ಜುತ್ತದೆ. ಅಂಗಡಿಯವರೊಬ್ಬರು ಮುಂದಿನ ಸ್ಪ್ರಿಂಗಿನ ಮೇಲೆ ಎರಡು ಇಂಚಿನ ಸ್ಪೇಸರ್ (ಎತ್ತರಿಸಲು ಇಡುವ ದಪ್ಪ ಬಿಲ್ಲೆ) ಹಾಕಿದರೆ ಸಮ ಆಗುತ್ತದೆ ಅಂದರು. ಹಾಕಿಸಿದವರು ಯಾರಾದರೂ ಇದ್ದೀರಾ?

ಕೊಡಗಿನ ಗಾಡಿ:
ನಾನು ಹಾಕಿಸಿದ್ದೇನೆ ಮಾರಾಯ್ರೆ. ಒಂದು ಇಂಚಿಂದು, ಸ್ಪ್ರಿಂಗ್ ಬಿಚ್ಚದೆ ಮೇಲಿನ ನಟ್ಟುಗಳ ಹತ್ತಿರ ಕೂರಿಸುವಂಥದ್ದು. ಅರ್ಧ ದಿನದ ಕೆಲಸ. ಗಾಡಿ ಸಮ ನಿಂತಿತು. ಆಮೇಲೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡಿಸುವುದು) ಮರೀಬೇಡಿ.

ಅಲೈನ್‌ಮೆಂಟ್ ಅಂಗಡಿ, ಹಾಸನ:
ಸರ್, ಅಂಗಡಿಯವರು ಹೇಳಿದ ಎರಡು ಇಂಚು ಗಾಡಿ ಏರುವ ಎತ್ತರವಾ, ಸ್ಪೇಸರಿನ ದಪ್ಪವಾ? ಮೊದಲು ಇದನ್ನು ಕೇಳಿ. ಈ ಗಾಡಿಯಲ್ಲಿ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಕೂತಿರುವುದು ಕೆಳಗಿನ ಆರ್ಮಿನ (ಚಕ್ರವನ್ನು ಗಾಡಿಗೆ ಜೋಡಿಸುವ ತೋಳು) ನಡುವೆ. ಚಕ್ರ ಇರುವುದು ತುದಿಯಲ್ಲಿ. ಹಾಗಾಗಿ ಮೇಲೆ ಒಂದು ಇಂಚು ದಪ್ಪ ಇಟ್ಟರೆ ಮುಂದೆ ಸುಮಾರು ಎರಡು ಇಂಚು ಏರುತ್ತದೆ. ಎರಡು ಇಂಚು ದಪ್ಪದ್ದು ಇಟ್ಟರೆ ನಾಲ್ಕರ ಹತ್ತಿರ ಹೋಗುತ್ತದೆ. ಆಗ ಮೇಲಿನ ಆರ್ಮು ಹೋಗಿ ಸ್ಪ್ರಿಂಗಿಗೆ ತಾಗುತ್ತದೆ, ಆರ್ಮಿನ ತುದಿಯ ಬಾಲ್ ಜಾಯಿಂಟ್ ವಾರೆಯಾಗಿ ಎಳೆಯುತ್ತದೆ, ಆಕ್ಸಲ್ ಬೂಟು (ಆಕ್ಸಲ್ ಜಾಯಿಂಟಿನ ರಬ್ಬರ್ ಕವರು) ಬೇಗ ಹರಿಯುತ್ತದೆ. ಹರಿದ ಬೂಟಿನೊಳಗೆ ತೋಟದ ಕೆಸರು ಹೋದರೆ ಜಾಯಿಂಟೇ ಹೋಯಿತು.

ಇನ್ನೊಂದು ವಿಷಯ. ಪಿಕಪ್ಪಿಗೆ ಹಿಂದೆ ಎತ್ತರ ಕೊಟ್ಟಿರುವುದು ಬೇಕಂತಲೇ. ಲೋಡ್ ಬಿದ್ದಾಗ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ತಗ್ಗಿ ಗಾಡಿ ಸಮಕ್ಕೆ ಬರಲಿ ಅಂತ. ಖಾಲಿ ಗಾಡಿಯನ್ನೇ ಸಮ ಮಾಡಿಬಿಟ್ಟರೆ, ಗೊಬ್ಬರದ ಮೂಟೆ ಹಾಕಿದಾಗ ಹಿಂದೆ ಕೂತು ಮುಂದೆ ಏಳುತ್ತದೆ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಶಿರಾಡಿ ಘಾಟಿನಲ್ಲಿ ರಾತ್ರಿ ಇದು ಆಟದ ಮಾತಲ್ಲ. ಮುಂದೆ ಎತ್ತಿದಷ್ಟೂ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕೂಡ ಕಮ್ಮಿಯಾಗುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಹೈವೇನಲ್ಲಿ ಗಾಡಿ ಅತ್ತಿತ್ತ ಹುಡುಕುತ್ತದೆ. ಇಂಥ ಗಾಡಿಗಳು ನನ್ನಲ್ಲಿಗೆ ಬರುತ್ತಲೇ ಇರುತ್ತವೆ. ಎತ್ತರ ಕಮ್ಮಿ ಮಾಡದೆ ಮಷೀನಿನಲ್ಲಿ ಅದನ್ನು ಪೂರ್ತಿ ಸರಿಪಡಿಸಲು ಆಗುವುದಿಲ್ಲ.

ದಯವಿಟ್ಟು ಮೊದಲು ಸರಿಯಾಗಿ ಅಳೆಯಿರಿ. ನೆಲದಿಂದ ಬೇಡ, ಟೈರಿನ ಗಾಳಿ, ಸವೆತ ಎಲ್ಲ ಅದರಲ್ಲಿ ಸೇರಿಕೊಳ್ಳುತ್ತದೆ. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ, ನಾಲ್ಕೂ ಕಡೆ. ಸಮತಟ್ಟಾದ ಜಾಗ ಇರಲಿ, ಕಾಫಿ ಕಣವೇ ಸಾಕು. ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಓಡಿಸಿ ನಿಲ್ಲಿಸಿ, ಸ್ಪ್ರಿಂಗ್ ತನ್ನ ಜಾಗಕ್ಕೆ ಕೂರಲಿ. ಒಂದು ಸಲ ಖಾಲಿ, ಇನ್ನೊಂದು ಸಲ ನೀವು ದಿನಾ ಹಾಕುವಷ್ಟೇ ಲೋಡ್ ಹಾಕಿ. ಮುಂದೆ ಕಂಪನಿಯದ್ದಲ್ಲದ ಸಾಮಾನು ಏನಾದರೂ ಇದೆಯಾ, ಅದನ್ನೂ ಹೇಳಿ.

ತೋಟದಮನೆ, ಸಕಲೇಶಪುರ:
ಅಳೆದೆ ಸರ್. ನಾಲ್ಕು ಮೂಟೆ ಯೂರಿಯಾ ಹಾಕಿದರೆ ವ್ಯತ್ಯಾಸ ಒಂದು ಇಂಚಿಗೆ ಇಳಿಯುತ್ತದೆ. ಆದರೆ ಮುಂದೆ ಡ್ರೈವರ್ ಕಡೆ, ಎಡಗಡೆಗಿಂತ ಅರ್ಧ ಇಂಚು ಕೆಳಗಿದೆ. ಹಿಂದಿನ ಮಾಲೀಕರು ಹಾಕಿಸಿದ ದಪ್ಪ ಕಬ್ಬಿಣದ ಬುಲ್ ಬಾರ್ (ಬಂಪರಿನ ಮುಂದೆ ಕೂರಿಸುವ ಪೈಪಿನ ಚೌಕಟ್ಟು) ಕೂಡ ಇದೆ. ಉಜ್ಜುತ್ತಿರುವುದು ಅದರ ಕೆಳಗಿನ ಪೈಪೇ, ಈಗ ಬಗ್ಗಿ ನೋಡಿದೆ.

ಅಲೈನ್‌ಮೆಂಟ್ ಅಂಗಡಿ, ಹಾಸನ:
ಹಾಗಾದರೆ ಕಾರಣ ಸಿಕ್ಕಿತು ನೋಡಿ. ಆ ಬುಲ್ ಬಾರ್ ತೆಗೆಸಿಬಿಡಿ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ವಿರುದ್ಧ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಕಾನೂನಿನ ಮಾತು ಬಿಟ್ಟರೂ, ನಡೆದು ಹೋಗುವವರಿಗೆ ತಾಗಿದರೆ ಬಂಪರಿನ ಹಾಗೆ ಅದು ಬಗ್ಗುವುದಿಲ್ಲ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಕ್ಕೂ ಅಡ್ಡಿ ಆಗಬಹುದು. ತೋಟದ ದಾರಿಯಲ್ಲಿ ಮಕ್ಕಳು, ಕೆಲಸದವರು ಓಡಾಡುತ್ತಿರುತ್ತಾರೆ ಅಲ್ವಾ?

ತೆಗೆದ ಮೇಲೆ ಮತ್ತೆ ಅಳೆಯಿರಿ. ಮುಂದಿನ ಚಕ್ರಕ್ಕಿಂತಲೂ ಮುಂದೆ ನೇತಾಡುವ ಭಾರ ಅದು, ಅದರ ತೂಕಕ್ಕಿಂತ ಜಾಸ್ತಿಯೇ ಸ್ಪ್ರಿಂಗಿನ ಮೇಲೆ ಬೀಳುತ್ತದೆ. ಆಮೇಲೂ ಬಲಗಡೆ ತಗ್ಗೇ ಇದ್ದರೆ ಸ್ಪ್ರಿಂಗ್ ಸೋತಿದೆ ಅಂತ ಅರ್ಥ. ಆಗ ಕಂಪನಿಯ ಎತ್ತರದ ಹೊಸ ಸ್ಪ್ರಿಂಗನ್ನೇ ಹಾಕಿಸಿ, ಎರಡೂ ಕಡೆ ಜೊತೆಯಾಗಿ. ಸೋತ ಸ್ಪ್ರಿಂಗಿನ ಮೇಲೆ ಸ್ಪೇಸರ್ ಇಟ್ಟರೆ ಎತ್ತರ ಬರುತ್ತದೆ, ಸ್ಪ್ರಿಂಗಿಗೆ ಬಲ ಬರುವುದಿಲ್ಲ.

ಕೊಡಗಿನ ಗಾಡಿ:
ಹಾಗಾದರೆ ನಾನು ಸ್ಪೇಸರ್ ತೆಗೆಸಬೇಕಾ?

ಅಲೈನ್‌ಮೆಂಟ್ ಅಂಗಡಿ, ಹಾಸನ:
ಸುಮ್ನೆ ಹೆದರಿ ತೆಗೆಸಬೇಡಿ. ಮುಂದಿನ ಎರಡೂ ಚಕ್ರ ನೇತಾಡುವ ಹಾಗೆ ಗಾಡಿ ಎತ್ತಿಸಿ, ಸ್ಟ್ಯಾಂಡ್ ಕೊಟ್ಟು ನೋಡಿ. ಮೇಲಿನ ಆರ್ಮು ಸ್ಪ್ರಿಂಗಿಗೆ ತಾಗಿದ ಗುರುತು ಇದೆಯಾ? ಬ್ರೇಕ್ ಹೋಸು, ಎಬಿಎಸ್ ವೈರು ಬಿಗಿಯಾಗಿ ಎಳೆದಿದೆಯಾ? ಬೂಟಿನ ಮಡಿಕೆಗಳು ಬಿರಿದಿವೆಯಾ? ಇವುಗಳಲ್ಲಿ ಒಂದಿದ್ದರೂ ತೆಗೆಸಿ. ಇನ್ನು ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆ ಮಾಡಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿ ಹಿಡಿದಿದೆ. ನಾಳೆ ಇನ್ಶೂರೆನ್ಸಿನವರು ತಕರಾರು ತೆಗೆಯಬಹುದು, ಅದು ನೆನಪಿರಲಿ.

ತೋಟದಮನೆ, ಸಕಲೇಶಪುರ:
ಬುಲ್ ಬಾರ್ ತೆಗೆಸಿದೆ. ಮಣ್ಣಿನ ಏರಿ ದಾಟುವಾಗ ಈಗ ಎಲ್ಲೂ ಉಜ್ಜುತ್ತಿಲ್ಲ! ಮುಂದೆ ಸ್ವಲ್ಪ ಎದ್ದಿದೆ ಕೂಡ. ಆದರೆ ಬಲಗಡೆ ಇನ್ನೂ ತಗ್ಗು. ಸ್ಪ್ರಿಂಗ್ ಆರ್ಡರ್ ಮಾಡುತ್ತೇನೆ. ತೋಟದಲ್ಲೇ ನಮ್ಮ ಮೆಕ್ಯಾನಿಕ್ ಹಾಕಬಹುದಾ?

ಅಲೈನ್‌ಮೆಂಟ್ ಅಂಗಡಿ, ಹಾಸನ:
ಒಳ್ಳೆ ಸುದ್ದಿ ಸರ್. ಸ್ಪ್ರಿಂಗ್ ಕೆಲಸ ಮಾತ್ರ ತೋಟದಲ್ಲಿ ಬೇಡ. ಒತ್ತಿಟ್ಟ ಸ್ಪ್ರಿಂಗ್ ಜಾರಿದರೆ ಕೈ, ಮುಖ ಉಳಿಯುವುದಿಲ್ಲ. ಸ್ಪ್ರಿಂಗ್ ಒತ್ತಿ ಹಿಡಿಯುವ ಗಟ್ಟಿ ಕಂಪ್ರೆಸರ್ ಇರುವ ಗ್ಯಾರೇಜಿಗೇ ಕೊಡಿ. ಅಲ್ಲಿ ಒಂದು ಮಾತು ತಪ್ಪದೆ ಹೇಳಿ: ಕೆಳಗಿನ ಆರ್ಮಿನ ಬುಷ್ (ಆರ್ಮು ಗಾಡಿಗೆ ಸೇರುವಲ್ಲಿನ ರಬ್ಬರ್ ಉಂಗುರ) ಬೋಲ್ಟುಗಳನ್ನು ಚಕ್ರ ನೇತಾಡುವಾಗ ಪೂರ್ತಿ ಬಿಗಿಯಬಾರದು. ಗಾಡಿ ಇಳಿಸಿ, ಭಾರ ಚಕ್ರದ ಮೇಲೆ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬುಷ್ಷಿನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೆಲವು ದಿನ ಓಡಿಸಿ ಸ್ಪ್ರಿಂಗ್ ಕೂತ ಮೇಲೆ ಅಲೈನ್‌ಮೆಂಟಿಗೆ ಬನ್ನಿ. ಬರುವಾಗ ಟೂಲ್ ಬಾಕ್ಸ್, ಹಗ್ಗ ಎಲ್ಲ ಗಾಡಿಯಲ್ಲೇ ಇರಲಿ, ದಿನಾ ಇರುವ ಭಾರದಲ್ಲೇ ಅಲೈನ್‌ಮೆಂಟ್ ನೋಡೋಣ. ಹೆಡ್‌ಲೈಟನ್ನೂ ಗೋಡೆಗೆ ಬಿಟ್ಟು ಸೆಟ್ ಮಾಡಿ ಕೊಡುತ್ತೇನೆ.