ಶಿಫ್ಟ್ ಒತ್ತಿದರೆ ಏಳುವ ಕಿಟಕಿಯನ್ನು ಪೂರ್ತಿಯಾಗಿ ನಿಲ್ಲಿಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಿ

ಬೆರಳಚ್ಚುಗಾರ್ತಿ, ದಾವಣಗೆರೆ (ಪ್ರಶ್ನೆ)

ಮಾನ್ಯರೇ, ನಾನು ಮನೆಯಲ್ಲಿಯೇ ಕುಳಿತು ಲೇಖಕರ ಹಸ್ತಪ್ರತಿಗಳನ್ನು ನುಡಿ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆಯಲ್ಲಿ ಬೆರಳಚ್ಚು ಮಾಡಿಕೊಡುತ್ತೇನೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇದೆ. ಕೆಲಸದ ನಡುವೆ ‘ಸ್ಟಿಕಿ ಕೀಸ್ ಆನ್ ಮಾಡಬೇಕೇ’ (ಶಿಫ್ಟ್‌ನಂಥ ಕೀಯನ್ನು ಒತ್ತಿ ಬಿಟ್ಟರೂ ಒತ್ತಿದಂತೆಯೇ ಉಳಿಸುವ ಸೌಲಭ್ಯವಂತೆ) ಎಂದು ಕೇಳುವ ಕಿಟಕಿ ಏಳುತ್ತದೆ. ಇನ್ನು ಕೆಲವು ಸಲ ಯಾವ ಕೀಯನ್ನು ಒತ್ತಿದರೂ ಅಕ್ಷರ ಮೂಡುವುದಿಲ್ಲ, ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮಾತ್ರ ಮೂಡುತ್ತದೆ. ಪರಿಚಯದವರು ಕೀಲಿಮಣೆಯನ್ನೇ ಬದಲಾಯಿಸಬೇಕೆನ್ನುತ್ತಿದ್ದಾರೆ. ಇವೆರಡನ್ನೂ ಮತ್ತೆ ಬಾರದಂತೆ ನಿಲ್ಲಿಸಿದವರು ಹೇಗೆ ನಿಲ್ಲಿಸಿದಿರಿ?

ಪ್ರಬಂಧ ಬೆರಳಚ್ಚು, ಧಾರವಾಡ

ಕೀಲಿಮಣೆ ಬದಲಾಯಿಸುವ ಮಾತು ಕಿವಿಗೆ ಬಿದ್ದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಪಿಎಚ್.ಡಿ. ಪ್ರಬಂಧವೊಂದನ್ನು ಒಪ್ಪಿಸುವ ಹೊತ್ತಿಗೆ ಸರಿಯಾಗಿ ನನ್ನ ಲ್ಯಾಪ್‌ಟಾಪಿನಲ್ಲಿಯೂ ಅಕ್ಷರಗಳು ಮೂಡದಾದವು. ರಿಪೇರಿ ಅಂಗಡಿಯವರು ಎರಡು ಕೀ ಒತ್ತಿ ನೋಡಿ, ‘ಒಳಗೆ ತೇವಾಂಶ ಸೇರಿದೆ, ಕೀಬೋರ್ಡ್ ಹೋಗಿದೆ’ ಎಂದು ತೀರ್ಮಾನಿಸಿದರು. ಬಿಡಿಭಾಗಕ್ಕೆ 2,400 ರೂಪಾಯಿ ಎಂದವರು, ಬಿಚ್ಚಿದ ಮೇಲೆ ಕೀಲಿಮಣೆಯನ್ನು ಮೇಲ್ಕವಚಕ್ಕೆ ರಿವೆಟ್ ಮಾಡಿರುವುದರಿಂದ ಕವಚವನ್ನೂ ಸೇರಿಸಿಯೇ ಬದಲಾಯಿಸಬೇಕೆಂದು 5,300 ಕೇಳಿದರು. ಕೂಲಿ 600 ಬೇರೆ. ಹಳೆಯ ಕವಚವನ್ನು ಹಿಂತಿರುಗಿಸಲಿಲ್ಲ. ಮನೆಗೆ ತಂದು ತೆರೆದರೆ ಹೊಸ ಕೀಲಿಮಣೆಯಲ್ಲಿಯೂ ಅದೇ ತೊಂದರೆ! ಮತ್ತೆ ಹೋದಾಗ ‘ಹಾಗಾದರೆ ಮದರ್‌ಬೋರ್ಡ್’ ಎಂದು 11,000ದ ಅಂದಾಜು ಬರೆದುಕೊಟ್ಟರು.

ಕೊನೆಗೆ ಈ ಗಂಟನ್ನು ಬಿಡಿಸಿದವನು ನನ್ನ ಅಕ್ಕನ ಮಗ. ಅವನು ಯಂತ್ರವನ್ನು ಮರುಚಾಲನೆ ಮಾಡಿ, ವಿಂಡೋಸ್ ತೆರೆಯುವ ಮೊದಲೇ ಬಯೋಸ್ ಪರದೆಗೆ ಹೋಗಿ ಅಲ್ಲಿ ಕೀಗಳನ್ನು ಒತ್ತಿದ. ಅಲ್ಲಿ ಒಂದೊಂದೂ ಚುರುಕಾಗಿ ಕೆಲಸ ಮಾಡಿತು. ಅಂದರೆ ಕೀಲಿಮಣೆ ಗಟ್ಟಿಯಾಗಿದೆ, ತೊಂದರೆ ಇರುವುದು ವಿಂಡೋಸ್ ಒಳಗೆ. ಅದು ಫಿಲ್ಟರ್ ಕೀಸ್ ಎಂಬ ಸೌಲಭ್ಯ. ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡು ಒತ್ತಿ ಹಿಡಿದರೆ ಅದು ಏಳುತ್ತದೆ, ಬಳಿಕ ಚುಟುಕಾಗಿ ಒತ್ತಿದ ಕೀಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮತ್ತೆ 8 ಸೆಕೆಂಡು ಹಿಡಿದಾಗ ಎಲ್ಲವೂ ಮೊದಲಿನಂತಾಯಿತು. ಖರ್ಚಾದದ್ದು 5,900, ಬೇಕಾಗಿದ್ದದ್ದು ಒಂದು ಬೆರಳು.

ಮುದ್ರಣಾಲಯ, ಶಿವಮೊಗ್ಗ

ಈ ಸೌಲಭ್ಯಗಳನ್ನು ಬುಡದಿಂದಲೇ ಕೀಳಬೇಕು, ನಾನು ಕಿತ್ತಿದ್ದೇನೆ. ಮದುವೆಯ ಹಂಗಾಮಿನಲ್ಲಿ ನಮ್ಮಲ್ಲಿ ಒಂದು ಲಗ್ನಪತ್ರಿಕೆಯ ಕೆಲಸ ನಡೆದಿತ್ತು. ಹುಡುಗಿಯ ಹೆಸರು ಲತಾ. ನಮ್ಮ ಹುಡುಗ ಎದ್ದ ಕಿಟಕಿಗೆ ‘ಹೌದು’ ಎಂದು ಒತ್ತಿ ಮುಂದುವರಿದಿದ್ದಾನೆ. ಶಿಫ್ಟ್ ಒತ್ತಿ ಬಿಟ್ಟರೂ ಅದು ಒತ್ತಿದಂತೆಯೇ ನಿಂತಿರುತ್ತದೆ, ಮುಂದೆ ಒತ್ತಿದ ಕೀಗೆ ಶಿಫ್ಟ್ ಸೇರಿದ ಅಕ್ಷರವೇ ಮೂಡುತ್ತದೆ. ನುಡಿಯಲ್ಲಿ ಎಲ್ ಒತ್ತಿದರೆ ಲ, ಶಿಫ್ಟ್ ಸೇರಿದರೆ ಳ. ‘ಳತಾ’ ಎಂದಾಯಿತು. ಅದರ ಮರುಕ್ಷಣವೇ ದೀರ್ಘಕ್ಕಾಗಿ ಅವನು ಶಿಫ್ಟ್ ಮತ್ತು ಎ ಎರಡನ್ನೂ ಒಟ್ಟಿಗೆ ಒತ್ತಿದ್ದರಿಂದ ಸ್ಟಿಕಿ ಕೀಸ್ ತಾನಾಗಿ ಆರಿಹೋಯಿತು. ಆಮೇಲೆ ಬಂದ ಸಾಲುಗಳೆಲ್ಲ ಸರಿಯಾಗಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. 400 ಪತ್ರಿಕೆ, ಒಂದಕ್ಕೆ 18 ರೂಪಾಯಿಯಂತೆ 7,200 ನನ್ನ ಕೈಯಿಂದ ಹೋಯಿತು. ಹುಡುಗಿಯ ತಂದೆ ನಮ್ಮ ಹಳೆಯ ಗಿರಾಕಿ. ಅವರು ಇಂದಿಗೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಅಂದಿನಿಂದ ಎಲ್ಲ ಯಂತ್ರಗಳಲ್ಲಿಯೂ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯನ್ನೇ ತಿದ್ದಿದ್ದೇನೆ. ಕರೆಂಟ್ ಯೂಸರ್ ವಿಭಾಗದಲ್ಲಿ ಕಂಟ್ರೋಲ್ ಪ್ಯಾನೆಲ್, ಅದರೊಳಗೆ ಆಕ್ಸೆಸಿಬಿಲಿಟಿ; ಅಲ್ಲಿ ಸ್ಟಿಕಿ ಕೀಸ್‌ನ ಫ್ಲ್ಯಾಗ್ಸ್ ಎಂಬ ಸಂಖ್ಯೆ 510 ಇದ್ದದ್ದು 506, ಕೀಬೋರ್ಡ್ ರೆಸ್ಪಾನ್ಸ್‌ನದು (ಅಂದರೆ ಫಿಲ್ಟರ್ ಕೀಸ್) 126 ಇದ್ದದ್ದು 122, ಲಾಕ್ ಕೀಗಳಿಗೆ ಸದ್ದು ಕೊಡುವ ಟಾಗಲ್ ಕೀಸ್‌ನದು 62 ಇದ್ದದ್ದು 58. ಲಾಗ್ ಆಫ್ ಮಾಡಿ ಬಂದರೆ ಮುಗಿಯಿತು. ಯಾರಿಗೂ ಬೇಡದ ಈ ಸೌಲಭ್ಯವನ್ನು ಯಂತ್ರದ ಜೊತೆಗೇ ಕೊಟ್ಟು ಕಳಿಸುವುದು ಏಕೆಂದು ನನಗೆ ಇನ್ನೂ ಅರ್ಥವಾಗಿಲ್ಲ.

ಲೇಖಕಿ, ಮೈಸೂರು

ಶಿವಮೊಗ್ಗದವರೇ, ‘ಯಾರಿಗೂ ಬೇಡದ’ ಎಂಬ ಮಾತನ್ನು ಹಿಂತೆಗೆದುಕೊಳ್ಳಿ. ನನಗೆ ಬೇಕು. ಪಾರ್ಶ್ವವಾಯುವಿನ ನಂತರ ನನ್ನ ಬಲಗೈ ಕೆಲಸಕ್ಕೆ ಬರುವುದಿಲ್ಲ. ಎಡಗೈಯೊಂದರಿಂದಲೇ ಬರೆಯುತ್ತೇನೆ, ಬರೆದದ್ದು ಪುಸ್ತಕವಾಗಿಯೂ ಬಂದಿದೆ. ‘ಧರ್ಮಸ್ಥಳ’ ಎಂದು ನುಡಿಯಲ್ಲಿ ಒತ್ತಿ ನೋಡಿ. ಧಕಾರಕ್ಕೆ ಶಿಫ್ಟ್ ಬೇಕು, ಥಕಾರಕ್ಕೆ ಬೇಕು, ಳಕಾರಕ್ಕೂ ಬೇಕು. ನಾನು ಶಿಫ್ಟ್ ಒಮ್ಮೆ ಒತ್ತಿ ಬಿಟ್ಟು ಧ ಮೂಡಿಸುತ್ತೇನೆ. ಸ್ಥಳದ ಹತ್ತಿರ ಬಂದಾಗ ಅರ್ಧ ಸಕಾರ ಮುಗಿಸಿ, ಶಿಫ್ಟನ್ನು ಎರಡು ಸಲ ಒತ್ತಿ ಬೀಗ ಹಾಕಿದಂತೆ ನಿಲ್ಲಿಸಿ, ಥ, ಳ ಎರಡನ್ನೂ ಮೂಡಿಸಿ, ಇನ್ನೊಮ್ಮೆ ಒತ್ತಿ ಬಿಡಿಸುತ್ತೇನೆ. ಎರಡು ಕೈಯಿದ್ದವರಿಗೆ ಇದು ಕಣ್ಣಿಗೂ ಬೀಳದ ಕೆಲಸ, ನನ್ನ ಪಾಲಿಗೆ ಬರವಣಿಗೆ ನಿಂತಿರುವುದೇ ಇದರ ಮೇಲೆ.

ಸ್ಟಿಕಿ ಕೀಸ್ ಎಬ್ಬಿಸಲು ಶಿಫ್ಟನ್ನೇ ಐದು ಸಲ ಒತ್ತಬೇಕೆಂದು ಏಕೆ ಇಟ್ಟಿದ್ದಾರೆಂದು ಯೋಚಿಸಿದ್ದೀರಾ? ಎರಡು ಕೀಗಳನ್ನು ಒಟ್ಟಿಗೆ ಒತ್ತಲಾರದವರು ಇನ್ನೊಬ್ಬರನ್ನು ಕರೆಯದೆ ತಾವೇ ಅದನ್ನು ಎಬ್ಬಿಸಲು ಸಾಧ್ಯವಾಗಲಿ ಎಂದು. ಒಂದೇ ಕೀ, ಒಂದೇ ಬೆರಳು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಕೇಂದ್ರದವರು ಅಂಗವಿಕಲರಿಗಾಗಿ ದುಡಿದು ರೂಪಿಸಿದ ಈ ಸೌಲಭ್ಯಗಳು ವಿಂಡೋಸ್ 95ರಿಂದಲೇ ಯಂತ್ರದೊಳಗೆ ಸೇರಿಕೊಂಡು ಬರುತ್ತಿವೆ. ನಾನು ಹೋಗುವ ಸೈಬರ್ ಸೆಂಟರಿನವರು ನಿಮ್ಮ ಹಾಗೆಯೇ ಎಲ್ಲವನ್ನೂ ‘ಕಿತ್ತಿದ್ದರು’. ಪಿಂಚಣಿಯ ಅರ್ಜಿಯನ್ನು ನಾನೇ ತುಂಬಬೇಕೆಂದು ಹೋದವಳು, ಪಾಸ್‌ವರ್ಡಿನ ದೊಡ್ಡ ಅಕ್ಷರಕ್ಕಾಗಿ ಅಪರಿಚಿತನೊಬ್ಬನಿಗೆ ಆ ಪಾಸ್‌ವರ್ಡನ್ನು ಬಾಯಿಬಿಟ್ಟು ಹೇಳಬೇಕಾಯಿತು.

ಮುದ್ರಣಾಲಯ, ಶಿವಮೊಗ್ಗ

ಅಮ್ಮಾ, ನಿಮ್ಮ ಕಷ್ಟವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ನನ್ನ ಮುದ್ರಣಾಲಯದ ಯಂತ್ರಗಳು ನನ್ನ ಹುಡುಗರು ಕುಳಿತು ಕೆಲಸ ಮಾಡುವ ಯಂತ್ರಗಳು. ಆ 7,200 ರೂಪಾಯಿ ನನಗೆ ಯಾರೂ ಕೊಡಲಿಲ್ಲ. ನನ್ನ ಅಂಗಡಿಯಲ್ಲಿ ಏನಿರಬೇಕೆಂಬುದನ್ನು ನಾನೇ ನಿರ್ಧರಿಸುತ್ತೇನೆ.

ಶಾಲಾ ಶಿಕ್ಷಕ, ಕಲಬುರಗಿ

ಮೂಲ ಕಾರಣವನ್ನು ಇಲ್ಲಿ ಯಾರೂ ಮುಟ್ಟುತ್ತಿಲ್ಲ. ನುಡಿಯ ವಿನ್ಯಾಸದಲ್ಲಿ ದೀರ್ಘಕ್ಕೂ ಶಿಫ್ಟ್, ಮಹಾಪ್ರಾಣಕ್ಕೂ ಶಿಫ್ಟ್. ‘ಮಾತು’ ಎಂಬಷ್ಟು ಚಿಕ್ಕ ಪದಕ್ಕೂ ಅಲ್ಲಿ ಶಿಫ್ಟ್ ಬೇಕೇ ಬೇಕು. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆ ವಿನ್ಯಾಸದಲ್ಲಿ ಅದೇ ಪದವನ್ನು ಶಿಫ್ಟ್ ಮುಟ್ಟದೆ ಬರೆಯಬಹುದು, ಏಕೆಂದರೆ ದೀರ್ಘದ ಕೊಂಬು, ಇಳಿಗಳಿಗೆ ಅಲ್ಲಿ ಬೇರೆಯೇ ಕೀಗಳಿವೆ. ನಾನು ಇನ್‌ಸ್ಕ್ರಿಪ್ಟ್‌ಗೆ ಬಂದ ಮೇಲೆ ಆ ಕಿಟಕಿ ಎದ್ದೇ ಇಲ್ಲ. ಆರಂಭದಲ್ಲಿ ವೇಗ ಅರ್ಧಕ್ಕಿಂತ ಕೆಳಗೆ ಬಿದ್ದು ನನಗೆ ಅಳು ಬರುವಂತಾಗಿತ್ತು, ಸಂಘದ ವರದಿಯೊಂದು ತಡವಾಗಿ ಎಲ್ಲರ ಎದುರು ಬೈಸಿಕೊಂಡೆ. ಆದರೂ ಬಿಡದೆ ಕಲಿತೆ.

ಪ್ರಬಂಧ ಬೆರಳಚ್ಚು, ಧಾರವಾಡ

ಶಿಕ್ಷಕರೇ, ಇದು ತಪ್ಪು ತರ್ಕ. ಶಿಫ್ಟನ್ನು ನಡುವೆ ಬೇರೆ ಯಾವ ಕೀಯೂ ಇಲ್ಲದೆ ಒಂದೇ ಸಮನೆ ಐದು ಸಲ ಒತ್ತಿದರೆ ಮಾತ್ರ ಸ್ಟಿಕಿ ಕೀಸ್ ಕಿಟಕಿ ಏಳುತ್ತದೆ. ನಡುವೆ ಒಂದೇ ಒಂದು ಅಕ್ಷರ ಬಿದ್ದರೂ ಎಣಿಕೆ ಮೊದಲಿನಿಂದ ಆರಂಭವಾಗುತ್ತದೆ. ಆದುದರಿಂದ ನುಡಿಯಲ್ಲಿ ಎಷ್ಟೇ ಮಹಾಪ್ರಾಣ ಬರೆದರೂ ಅದು ಏಳಲಾರದು. ಏಳುವುದು ಮುಂದಿನ ಪದವನ್ನು ಯೋಚಿಸುತ್ತ ಶಿಫ್ಟ್ ಮೇಲೆ ಬೆರಳು ಕುಟ್ಟುವವರಿಗೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತು ನುಡಿಯಲ್ಲಿ ತಂದದ್ದರಿಂದಲೇ ನನ್ನಂಥ ಸಾವಿರಾರು ಜನ ಅನ್ನ ದುಡಿದಿದ್ದಾರೆ. ಅದರ ಮೇಲೆ ಇಲ್ಲದ ದೋಷವನ್ನು ಹೊರಿಸಬೇಡಿ.

ಶಾಲಾ ಶಿಕ್ಷಕ, ಕಲಬುರಗಿ

ಎಣಿಕೆಯ ವಿಷಯ ಒಪ್ಪಿದೆ. ಆದರೆ ಬೆರಳು ದಿನವಿಡೀ ಶಿಫ್ಟ್ ಮೇಲೆಯೇ ಕಾದಿರುವುದರಿಂದಲೇ ಅದನ್ನು ಕುಟ್ಟುವ ಚಾಳಿ ಹುಟ್ಟುತ್ತದೆ. ಅದಕ್ಕೆ ಕಾರಣ ವಿನ್ಯಾಸವಲ್ಲದೆ ಮತ್ತೇನು?

ನಿವೃತ್ತ ಗುಮಾಸ್ತ, ಹಾಸನ

ನಾನು ಸ್ಟಿಕಿ, ಫಿಲ್ಟರ್ ಎರಡನ್ನೂ ಆರಿಸಿದ್ದೇನೆ, ಟಾಗಲ್ ಕೀಸನ್ನು ಮಾತ್ರ ಬೇಕೆಂದೇ ಇಟ್ಟುಕೊಂಡಿದ್ದೇನೆ. ನಮ್ಲಾಕ್ ಕೀಯನ್ನು 5 ಸೆಕೆಂಡು ಹಿಡಿದರೆ ಅದು ಏಳುತ್ತದೆ. ಅಲ್ಲಿಂದಾಚೆಗೆ ಕ್ಯಾಪ್ಸ್, ನಮ್, ಸ್ಕ್ರೋಲ್ ಲಾಕ್‌ಗಳನ್ನು ಒತ್ತಿದಾಗೆಲ್ಲ ಸದ್ದು ಬರುತ್ತದೆ, ಹೊತ್ತಿದಾಗ ಒಂದು ದನಿ, ಆರಿದಾಗ ಇನ್ನೊಂದು. ನುಡಿಯಲ್ಲಿ ಕನ್ನಡ, ಇಂಗ್ಲಿಷ್ ಬದಲಾಯಿಸುವುದು ಸ್ಕ್ರೋಲ್ ಲಾಕ್‌ನಿಂದ ತಾನೆ? ಪರದೆಯತ್ತ ಕಣ್ಣೆತ್ತದೆ, ಹಸ್ತಪ್ರತಿಯ ಮೇಲೆಯೇ ದೃಷ್ಟಿಯಿಟ್ಟು, ಈಗ ಯಾವ ಭಾಷೆಯಲ್ಲಿದ್ದೇನೆಂದು ಕಿವಿಯಿಂದಲೇ ತಿಳಿಯುತ್ತೇನೆ. ಮೊದಲು ಅರ್ಧ ಪುಟ ಒತ್ತಿದ ಮೇಲೆ ತಲೆ ಎತ್ತಿದರೆ ಎಲ್ಲವೂ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿರುತ್ತಿತ್ತು. ಮಕ್ಕಳು ಸದ್ದು ನಿಲ್ಲಿಸಿ ಎನ್ನುತ್ತಾರೆ, ನಾನು ನಿಲ್ಲಿಸುವುದಿಲ್ಲ.

ಗಣಕ ನಿರ್ವಾಹಕ, ಬೆಂಗಳೂರು

ಕಚೇರಿಯ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ, ಆದುದರಿಂದ ರಿಜಿಸ್ಟ್ರಿಯ ವಿಷಯವನ್ನು ಸ್ಪಷ್ಟಪಡಿಸುತ್ತೇನೆ. ಶಿವಮೊಗ್ಗದವರು ಬುಡದಿಂದ ಕಿತ್ತೆನೆಂದರು. ವಾಸ್ತವದಲ್ಲಿ ಅವರು ಕಿತ್ತಿಲ್ಲ. 510ಕ್ಕೂ 506ಕ್ಕೂ, 126ಕ್ಕೂ 122ಕ್ಕೂ, 62ಕ್ಕೂ 58ಕ್ಕೂ ಇರುವ ಅಂತರ ಒಂದೇ: 4. ಆ 4 ಎಂಬುದು ಕೀಲಿಮಣೆಯ ಶಾರ್ಟ್‌ಕಟ್ ಕೆಲಸ ಮಾಡಬೇಕೇ ಬೇಡವೇ ಎಂದು ಸೂಚಿಸುವ ಗುರುತು. ಅದನ್ನು ಕಳೆದರೆ ಶಿಫ್ಟ್ ಐದು ಸಲ ಒತ್ತಿದರೂ ಏನೂ ಏಳದು, ಆದರೆ ಸೌಲಭ್ಯ ಯಂತ್ರದಲ್ಲಿಯೇ ಇರುತ್ತದೆ; ಸೆಟ್ಟಿಂಗ್ಸ್ ಮೂಲಕ ಯಾರು ಬೇಕಾದರೂ ಹೊತ್ತಿಸಬಹುದು. ಇದು ಆಯಾ ಬಳಕೆದಾರರ ಖಾತೆಗೆ ಮಾತ್ರ ಅನ್ವಯಿಸುತ್ತದೆ. ಇಷ್ಟಕ್ಕೆ ರಿಜಿಸ್ಟ್ರಿ ತೆರೆಯುವ ಅಗತ್ಯವೇ ಇಲ್ಲ. ವಿಂಡೋಸ್ ಕೀ ಜೊತೆ ಯು ಒತ್ತಿದರೆ ನೇರವಾಗಿ ಆ ಪುಟ ತೆರೆಯುತ್ತದೆ, ವಿಂಡೋಸ್ 10ರಲ್ಲಿ ಅದರ ಹೆಸರು ಈಸ್ ಆಫ್ ಆಕ್ಸೆಸ್, 11ರಲ್ಲಿ ಆಕ್ಸೆಸಿಬಿಲಿಟಿ. ಅದರೊಳಗಿನ ಕೀಬೋರ್ಡ್ ಭಾಗದಲ್ಲಿ ಮೂರು ಸೌಲಭ್ಯಗಳ ಶಾರ್ಟ್‌ಕಟ್ ಗುರುತನ್ನು ಒಂದೊಂದಾಗಿ ತೆಗೆದರೆ ಸಾಕು.

ಲಾಗಿನ್ ಪರದೆಯ ಮಾತು ಬೇರೆ. ಅಲ್ಲಿ ಶಿಫ್ಟ್ ಐದು ಸಲ ಒತ್ತಿದಾಗ ಓಡುವ ಸೆಟ್‌ಎಚ್‌ಸಿ ಎಂಬ ಕಡತವನ್ನು ಬೇರೊಂದರಿಂದ ಬದಲಾಯಿಸಿ, ಪಾಸ್‌ವರ್ಡ್ ಇಲ್ಲದೆ ಒಳನುಗ್ಗುವ ಹಳೆಯ ಕಳ್ಳದಾರಿಯೊಂದಿದೆ. ಅಂಥ ಯಂತ್ರವೊಂದನ್ನು ಶುಚಿಗೊಳಿಸಲು ನಾನು ವಾರಾಂತ್ಯವಿಡೀ ಕುಳಿತಿದ್ದೇನೆ, ಆ ದುಡಿಮೆಗೆ ಹೆಚ್ಚುವರಿ ಭತ್ಯೆಯನ್ನೂ ಕೊಡಲಿಲ್ಲ. ಆದುದರಿಂದ ನಮ್ಮಲ್ಲಿ ಲಾಗಿನ್ ಪರದೆಯಲ್ಲಿ ಶಾರ್ಟ್‌ಕಟ್ ಇಲ್ಲ.

ಲೇಖಕಿ, ಮೈಸೂರು

ನಿರ್ವಾಹಕರೇ, ಪಾಸ್‌ವರ್ಡಿಗೆ ಶಿಫ್ಟ್ ಬೇಕಾಗುವುದು ಲಾಗಿನ್ ಪರದೆಯಲ್ಲಿಯೇ ಅಲ್ಲವೇ? ಅಲ್ಲಿಯೇ ಮುಚ್ಚಿದರೆ ನಿಮ್ಮ ಕಚೇರಿಗೆ ನನ್ನಂಥವಳು ಕೆಲಸಕ್ಕೆ ಬಂದಾಗ ಒಳಗೆ ಹೋಗುವುದು ಹೇಗೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉದ್ಯೋಗದ ಸ್ಥಳಕ್ಕೂ ಅನ್ವಯಿಸುತ್ತದೆ. ಕಳ್ಳದಾರಿಯಾಗುವುದು ಬದಲಾಯಿಸಿದ ಕಡತದಿಂದ. ಡಿಸ್ಕಿಗೆ ಗೂಢಲಿಪಿಯ ರಕ್ಷಣೆ ಹಾಕಿ ಆ ಕಡತವನ್ನು ಕಾಯಿರಿ.

ಇನ್ನೊಂದು ಮಾತು. ಒಂದೇ ಯಂತ್ರವನ್ನು ಇಬ್ಬರು ಬಳಸುವ ಮನೆಯವರು ಇದನ್ನು ಗಮನಿಸಿ: ಎರಡು ಕೀ ಒಟ್ಟಿಗೆ ಒತ್ತಿದರೆ ಸ್ಟಿಕಿ ಕೀಸ್ ಆರಬೇಕೆಂಬ ಗುರುತು ಮೊದಲಿನಿಂದಲೇ ಹಾಕಿರುತ್ತದೆ. ನನ್ನ ಮಗ ಬಂದು ಒಂದು ಸಾಲು ಒತ್ತಿ ಹೋದರೆ ನನ್ನ ಸೌಲಭ್ಯ ಸದ್ದಿಲ್ಲದೆ ಆರಿರುತ್ತಿತ್ತು. ಆ ಗುರುತನ್ನು ತೆಗೆದ ಮೇಲೆಯೇ ಮನೆಯಲ್ಲಿ ಜಗಳ ನಿಂತದ್ದು.

ಗಣಕ ನಿರ್ವಾಹಕ, ಬೆಂಗಳೂರು

ಡಿಸ್ಕ್ ರಕ್ಷಣೆಯ ಮಾತು ಸರಿಯಾಗಿದೆ. ಆದರೆ ಹಳೆಯ ಯಂತ್ರಗಳಿಗೆಲ್ಲ ಅದನ್ನು ಹಾಕಲು ನನಗೆ ಅನುಮತಿ ಸಿಕ್ಕಿಲ್ಲ. ಸಿಗುವವರೆಗೆ ನಾನು ಲಾಗಿನ್ ಪರದೆಯನ್ನು ತೆರೆಯುವುದಿಲ್ಲ.

ಬೆರಳಚ್ಚುಗಾರ್ತಿ, ದಾವಣಗೆರೆ

ಎಲ್ಲರಿಗೂ ವಂದನೆಗಳು. ಬಯೋಸ್ ಪರದೆಯಲ್ಲಿ ಕೀಗಳು ಚೆನ್ನಾಗಿಯೇ ಕೆಲಸ ಮಾಡಿದವು. ಹಸ್ತಪ್ರತಿಯ ಕಟ್ಟನ್ನು ಲ್ಯಾಪ್‌ಟಾಪಿನ ಬಲ ಅಂಚಿಗೆ ಒರಗಿಸಿಡುತ್ತೇನೆ, ಅದರ ಮೂಲೆ ಬಲಗಡೆಯ ಶಿಫ್ಟ್ ಮೇಲೆ ಕೂರುತ್ತಿತ್ತೆಂದು ಧಾರವಾಡದವರ ಮಾತು ಓದಿದ ಮೇಲೆ ಗೊತ್ತಾಯಿತು. ಫಿಲ್ಟರ್ ಮತ್ತು ಸ್ಟಿಕಿಗಳ ಶಾರ್ಟ್‌ಕಟ್‌ಗಳನ್ನು ಸೆಟ್ಟಿಂಗ್ಸ್‌ನಲ್ಲಿ ತೆಗೆದಿದ್ದೇನೆ, ರಿಜಿಸ್ಟ್ರಿಯನ್ನು ಮುಟ್ಟಿಲ್ಲ. ಹಾಸನದವರು ಹೇಳಿದ ಸದ್ದನ್ನು ಹೊತ್ತಿಸಿ ನೋಡಿದೆ, ಅದನ್ನು ಇಟ್ಟುಕೊಳ್ಳುತ್ತೇನೆ.

ಮುದ್ರಣಾಲಯ, ಶಿವಮೊಗ್ಗ

ನಮ್ಮ ಹುಡುಗರ ಖಾತೆಗಳಲ್ಲಿ 506 ಹಾಗೆಯೇ ಇರುತ್ತದೆ. ಗಿರಾಕಿಗಳು ಕರಡು ತಿದ್ದಲು ಕೂರುವ ಮುಂದಿನ ಯಂತ್ರದಲ್ಲಿ ಬೇರೆ ಖಾತೆ ಮಾಡಿ, ಅಲ್ಲಿ 510 ಅನ್ನೇ ಉಳಿಸಿದ್ದೇನೆ. ಮೈಸೂರಿನ ಅಮ್ಮನವರು ಕೇಳಿದಂತೆ ‘ಯಾರಿಗೂ ಬೇಡದ’ ಎಂಬ ಮಾತನ್ನೂ ಹಿಂತೆಗೆದುಕೊಂಡಿದ್ದೇನೆ. ಇನ್‌ಸ್ಕ್ರಿಪ್ಟ್ ವಿಷಯದಲ್ಲಿ ಮಾತ್ರ ಶಿಕ್ಷಕರ ಮಾತನ್ನು ನಾನು ಒಪ್ಪುವುದಿಲ್ಲ.